ಇಬ್ಬರು, ಒಂದು ಬಾಡಿಗೆ ಕಾರು: ಮ್ಯೂನಿಕ್‌ನಿಂದ ಆಲ್ಪ್ಸ್ ಸುತ್ತಿ ಬಾರ್ಸಿಲೋನಾವರೆಗೆ

ಹಾದಿ ಮೊದಲು ಹೇಳಿಬಿಡುತ್ತೇವೆ. ಬೆಂಗಳೂರಿನಿಂದ ಮ್ಯೂನಿಕ್‌ಗೆ ನೇರ ವಿಮಾನ, ಅಲ್ಲಿ ಎರಡು ರಾತ್ರಿ. ಮೂರನೆಯ ದಿನ ಕಾರು ತೆಗೆದುಕೊಂಡು ಆಸ್ಟ್ರಿಯಾದ ಸಾಲ್ಜ್‌ಬರ್ಗ್, ಎರಡು ರಾತ್ರಿ. ಗ್ರೋಸ್‌ಗ್ಲಾಕ್ನರ್ ಘಟ್ಟ ಹತ್ತಿ ಇಳಿದು ಹೈಲಿಗೆನ್‌ಬ್ಲುಟ್‌ನಲ್ಲಿ ಒಂದು. ಇಟಲಿಯ ಡೊಲೊಮೈಟ್ ಬೆಟ್ಟಗಳಲ್ಲಿ ಐದು, ಸ್ಲೊವೇನಿಯಾದ ಬ್ಲೆಡ್‌ನಲ್ಲಿ ಎರಡು. ಹದಿಮೂರನೆಯ ದಿನ ಮತ್ತೆ ಮ್ಯೂನಿಕ್, ಕಾರು ವಾಪಸ್. ಮರುದಿನ ವಿಮಾನದಲ್ಲಿ ಬಾರ್ಸಿಲೋನಾ, ಮೂರು ರಾತ್ರಿ, ಅಲ್ಲಿಂದಲೇ ಮನೆಗೆ. ಒಟ್ಟು ಹದಿನಾರು ರಾತ್ರಿ, ಐದು ದೇಶ. ಸೆಪ್ಟೆಂಬರ್ ಮೊದಲ ಎರಡು ವಾರ ಇದಕ್ಕೆ ಹೇಳಿ ಮಾಡಿಸಿದ ಕಾಲ. ಘಟ್ಟದ ರಸ್ತೆಗಳೆಲ್ಲ ತೆರೆದಿರುತ್ತವೆ, ಬೇಸಿಗೆ ರಜೆಯ ನೂಕುನುಗ್ಗಲು ಕಡಿಮೆಯಾಗಿರುತ್ತದೆ. ತಿಂಗಳ ಮೂರನೆಯ ವಾರದ ಹೊತ್ತಿಗೆ ಆಕ್ಟೋಬರ್‌ಫೆಸ್ಟ್ ಎಂಬ ಬಿಯರ್ ಹಬ್ಬ ಶುರುವಾಗಿ ಮ್ಯೂನಿಕ್‌ನ ಹೋಟೆಲ್ ದರ ಕೈಗೆ ಸಿಗುವುದಿಲ್ಲ, ಅದಕ್ಕೆ ಮೊದಲೇ ಅಲ್ಲಿಂದ ಹೊರಟಿರಬೇಕು.

ಬಾರ್ಸಿಲೋನಾಕ್ಕೂ ಕಾರಿನಲ್ಲೇ ಯಾಕೆ ಹೋಗಬಾರದು ಅಂತ ಕೇಳುವವರಿದ್ದಾರೆ. ಮ್ಯೂನಿಕ್‌ನಿಂದ ಅದು 1,300 ಕಿಲೋಮೀಟರ್‌ಗೂ ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ಒಂದು ದೇಶದಲ್ಲಿ ಪಡೆದ ಕಾರನ್ನು ಇನ್ನೊಂದು ದೇಶದಲ್ಲಿ ಬಿಟ್ಟರೆ ಒನ್-ವೇ ಶುಲ್ಕ ಎಷ್ಟೋ ಸಲ ಬಾಡಿಗೆಯನ್ನೇ ಮೀರುತ್ತದೆ. ಬೆಟ್ಟ, ಹಳ್ಳಿ, ಕಣಿವೆಗೆ ಕಾರು. ದೊಡ್ಡ ಊರಿನಿಂದ ದೊಡ್ಡ ಊರಿಗೆ ವಿಮಾನ ಅಥವಾ ರೈಲು. ಈ ಗೆರೆ ಹಾಕಿಕೊಂಡರೆ ಖರ್ಚೂ ಆಯಾಸವೂ ಹಿಡಿತದಲ್ಲಿರುತ್ತವೆ. ಹೋಗುವ ಊರು ಮ್ಯೂನಿಕ್, ಬರುವ ಊರು ಬಾರ್ಸಿಲೋನಾ ಎಂದು ಎರಡನ್ನೂ ಒಂದೇ ಟಿಕೆಟ್‌ನಲ್ಲಿ ಮಲ್ಟಿ-ಸಿಟಿ ಆಯ್ಕೆಯಲ್ಲಿ ಹಾಕಿದರೆ ದರ ಸಾಮಾನ್ಯ ರಿಟರ್ನ್ ಟಿಕೆಟ್‌ಗೆ ಹತ್ತಿರವೇ ಇರುತ್ತದೆ. ಎರಡು ಒನ್-ವೇ ಟಿಕೆಟ್ ಬೇರೆ ಬೇರೆ ಕೊಳ್ಳಬೇಡಿ.

ವೀಸಾ ಯಾವ ದೇಶದ್ದು? ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಗುಂಪು) ನಿಯಮದಂತೆ ಅತಿ ಹೆಚ್ಚು ದಿನ ಎಲ್ಲಿ ಉಳಿಯುತ್ತೀರೋ ಆ ದೇಶದ್ದು. ದಿನಗಳು ಸಮ ಬಂದರೆ ಮೊದಲು ಕಾಲಿಡುವ ದೇಶದ್ದು. ಮೇಲಿನ ಹಾದಿಯಲ್ಲಿ ಜರ್ಮನಿ ಮೂರು ರಾತ್ರಿ, ಆಸ್ಟ್ರಿಯಾ ಮೂರು, ಸ್ಪೇನ್ ಮೂರು, ಸ್ಲೊವೇನಿಯಾ ಎರಡು, ಇಟಲಿ ಐದು. ಇಳಿಯುವುದು ಜರ್ಮನಿಯಲ್ಲಾದರೂ ಅರ್ಜಿ ಇಟಲಿಗೆ. ಎಲ್ಲಿ ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೋ ಆ ದೇಶಕ್ಕೆ ಹಾಕಿ, ಹೋಟೆಲ್ ಬುಕಿಂಗ್ ಅದಕ್ಕೆ ತಕ್ಕಂತೆ ತಿದ್ದುವುದು ತಪ್ಪು. ಗಡಿಯಲ್ಲಿ ಕೇಳಿದಾಗ ಹೋಟೆಲ್ ಕಾಗದವೂ ವೀಸಾವೂ ತಾಳೆಯಾಗದಿದ್ದರೆ ಪ್ರಶ್ನೆ ಬೆಳೆಯುತ್ತದೆ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಹಾಕಬಹುದು, ಕೊನೆಯ ಮಿತಿ ಹದಿನೈದು ದಿನ ಮೊದಲು. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬಿದ್ದರೆ 45 ದಿನ. ಮೂರು ತಿಂಗಳು ಮೊದಲು ಅಪಾಯಿಂಟ್‌ಮೆಂಟ್ ಹುಡುಕಲು ಶುರುಮಾಡುವುದು ಕ್ಷೇಮ. ಶುಲ್ಕ 2024ರ ಜೂನ್ 11ರಿಂದ ತಲಾ 90 ಯೂರೋ, ಅರ್ಜಿ ಕೇಂದ್ರದ ಸೇವಾ ಶುಲ್ಕ ಅದರ ಮೇಲೆ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಯುರೋಪ್ ಬಿಡುವ ದಿನದಿಂದ ಮೂರು ತಿಂಗಳಾದರೂ ಅವಧಿ ಉಳಿದಿರಬೇಕು, ಎರಡು ಪುಟ ಖಾಲಿ ಇರಬೇಕು. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ. ಹಿಂದಿನ 59 ತಿಂಗಳಲ್ಲಿ ಬೆರಳಚ್ಚು ಕೊಟ್ಟಿದ್ದರೆ ಅದನ್ನೇ ಮತ್ತೆ ಬಳಸುವ ಅವಕಾಶವಿದೆ.

ವೀಸಾ ಕೈಗೆ ಬಂದ ಕೂಡಲೇ ಸ್ಟಿಕ್ಕರ್ ಓದಿ. ಅದರಲ್ಲಿ ‘ಇಂಥ ದಿನದಿಂದ ಇಂಥ ದಿನದವರೆಗೆ’ ಎಂಬ ದಿನಾಂಕ ಒಂದು, ಉಳಿಯಬಹುದಾದ ದಿನಗಳ ಸಂಖ್ಯೆ ಇನ್ನೊಂದು. ಎರಡೂ ಒಂದೇ ಅಲ್ಲ. ಮೂವತ್ತೆರಡು ದಿನದ ಅವಧಿ ಬರೆದು, ಉಳಿಯುವ ದಿನ 17 ಎಂದಿದ್ದರೆ ಹದಿನೇಳೇ ದಿನ. ಇಳಿದ ದಿನವೂ ಹೊರಟ ದಿನವೂ ಪೂರ್ತಿ ದಿನವಾಗಿ ಲೆಕ್ಕಕ್ಕೆ ಬರುತ್ತವೆ. ಹದಿನಾರು ರಾತ್ರಿಯ ಪ್ರವಾಸಕ್ಕೆ ಹದಿನೇಳು ದಿನ ಬೇಕು. ಕನಿಷ್ಠ ಒಂದೆರಡು ದಿನ ಹೆಚ್ಚಿಗೆ ಕೇಳಿ, ವಿಮಾನ ರದ್ದಾದರೆ ಅದೇ ಕೈ ಹಿಡಿಯುವುದು.

ಈಗ ನಮ್ಮ ಕಡೆಯವರಿಗೇ ವಿಶೇಷವಾಗಿ ಬರುವ ತೊಡಕು: ಹೆಸರು. ಕನ್ನಡಿಗರಲ್ಲಿ ಬಹಳ ಜನಕ್ಕೆ ಮನೆತನದ ಹೆಸರಿನ ಜಾಗದಲ್ಲಿ ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ತಂದೆಯ ಅಥವಾ ಊರಿನ ಹೆಸರು ಬರೆದಿರುತ್ತಾರೆ, ಇಲ್ಲವೇ ಸರ್‌ನೇಮ್ ಖಾಲಿ ಇರುತ್ತದೆ. ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಹೆಸರಿನ ಹಿಂದೆ ಇನಿಷಿಯಲ್, ಕ್ರೆಡಿಟ್ ಕಾರ್ಡ್‌ನಲ್ಲಿ ಮುಂದೆ ಇನಿಷಿಯಲ್. ಇದೇ ಮನುಷ್ಯ ಎಂದು ನಮಗೆ ಗೊತ್ತು, ಮ್ಯೂನಿಕ್‌ನ ಬಾಡಿಗೆ ಕೌಂಟರಿನಲ್ಲಿ ಕೂತವರಿಗೆ ಗೊತ್ತಿಲ್ಲ. ಬಾಡಿಗೆ ಒಪ್ಪಂದ, ಪಾಸ್‌ಪೋರ್ಟ್, ಲೈಸೆನ್ಸ್, ಅಂತರರಾಷ್ಟ್ರೀಯ ಪರ್ಮಿಟ್, ಕಾರ್ಡ್ ಈ ಐದೂ ಒಬ್ಬರೇ ವ್ಯಕ್ತಿಗೆ ಸೇರಿದವು ಎಂದು ಅವರಿಗೆ ಒಂದೇ ನೋಟದಲ್ಲಿ ಕಾಣಬೇಕು. ಕಾರ್ಡ್‌ನ ಹೆಸರನ್ನು ಪಾಸ್‌ಪೋರ್ಟ್‌ನಂತೆ ಬರೆಸಿ ಹೊಸ ಕಾರ್ಡ್ ಕೊಡಿ ಎಂದು ಬ್ಯಾಂಕಿಗೆ ಕೇಳಿದರೆ ಕೊಡುತ್ತಾರೆ, ಇದಕ್ಕೆ ಎರಡು ವಾರ ಇಟ್ಟುಕೊಳ್ಳಿ. ಸರ್‌ನೇಮ್ ಖಾಲಿ ಇರುವವರು ವಿಮಾನದ ಟಿಕೆಟ್ ಕೊಳ್ಳುವಾಗ ಆ ವಿಮಾನ ಸಂಸ್ಥೆಯ ಪದ್ಧತಿ ನೋಡಬೇಕು. ಕೆಲವರಲ್ಲಿ ಹೆಸರನ್ನೇ ಎರಡು ಸಲ ಬರೆಯಬೇಕು, ಕೆಲವರಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್) ಹಾಕಬೇಕು. ಒಂದೇ ಪ್ರವಾಸದ ಎರಡು ಟಿಕೆಟ್‌ನಲ್ಲಿ ಎರಡು ರೀತಿ ಆಗಬಾರದು. ಗಂಡ ಹೆಂಡತಿಯ ಸರ್‌ನೇಮ್ ಬೇರೆ ಬೇರೆ ಇದ್ದರೆ ಅದು ಸಮಸ್ಯೆಯಲ್ಲ. ವೀಸಾ ಅರ್ಜಿಯಲ್ಲಿ ಒಬ್ಬರು ಇನ್ನೊಬ್ಬರ ಖರ್ಚು ವಹಿಸುತ್ತಿದ್ದರೆ ಮಾತ್ರ ಮದುವೆ ನೋಂದಣಿ ಪತ್ರ ಜೊತೆಗಿರಲಿ.

ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್, ಅಂದರೆ ಐಡಿಪಿ, ನಿಮ್ಮ ವಿಳಾಸದ ಆರ್‌ಟಿಒ ಕೊಡುತ್ತದೆ. ಪರಿವಾಹನ್ ಜಾಲತಾಣದ ಸಾರಥಿ ವಿಭಾಗದಲ್ಲಿ ಅರ್ಜಿ, ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ವೀಸಾದ ಪ್ರತಿ 2021ರಿಂದ ಕಡ್ಡಾಯವಲ್ಲ, ವೀಸಾ ಬರುವ ಮೊದಲೇ ಹಾಕಬಹುದು, ಪ್ರಯಾಣಕ್ಕೆ ಎರಡು ಮೂರು ವಾರ ಮೊದಲಾದರೂ ಹಾಕಿ. ಐಡಿಪಿ ಎನ್ನುವುದು ಲೈಸೆನ್ಸ್‌ನ ಅನುವಾದ ಅಷ್ಟೇ. ಮೂಲ ಲೈಸೆನ್ಸ್ ಮನೆಯಲ್ಲಿ ಬಿಟ್ಟು ಹೋದರೆ ಅದಕ್ಕೆ ಬೆಲೆಯಿಲ್ಲ. ಇಬ್ಬರೂ ಮಾಡಿಸಿ. ಎರಡನೆಯ ಡ್ರೈವರ್ ಸೇರಿಸಲು ದಿನಕ್ಕೆ ಇಷ್ಟು ಅಂತ ಶುಲ್ಕವಿದೆ, ಕೊಡಲು ಯೋಗ್ಯವಾದದ್ದು. ಒಬ್ಬರಿಗೆ ಜ್ವರ ಬಂದರೆ, ಕಾಲು ಉಳುಕಿದರೆ ಘಟ್ಟದ ಮೇಲಿನ ಹಳ್ಳಿಯಿಂದ ಕಾರು ಇಳಿಸುವವರು ಬೇಕಲ್ಲ. ಒಪ್ಪಂದದಲ್ಲಿ ಹೆಸರಿಲ್ಲದವರು ಓಡಿಸುವಾಗ ಏನಾದರೂ ಆದರೆ ವಿಮೆ ನಿಲ್ಲುವುದಿಲ್ಲ.

ಕಾರು ಬುಕ್ ಮಾಡುವಾಗ ನಾವು ನೋಡುವ ಅಂಶಗಳು ಹೀಗಿವೆ. ಗೇರ್ ಆಟೋಮ್ಯಾಟಿಕ್ ಇರಲಿ. ಎಡಗಡೆ ಕೂತು ಬಲಗೈಯಲ್ಲಿ ಗೇರ್ ಹಾಕುವುದನ್ನು ಹೊಸ ರಸ್ತೆ, ಹೊಸ ನಿಯಮದ ಜೊತೆ ಕಲಿಯುವುದು ಬೇಡ. ಯುರೋಪಿನಲ್ಲಿ ಮ್ಯಾನುಯಲ್ ಕಾರುಗಳೇ ಇನ್ನೂ ಬಹಳ, ಆಟೋಮ್ಯಾಟಿಕ್ ಬೇಗ ಮುಗಿಯುತ್ತವೆ, ಎರಡು ತಿಂಗಳು ಮೊದಲೇ ಬುಕ್ ಮಾಡಬೇಕು. ಗಾತ್ರ ಫೋಕ್ಸ್‌ವ್ಯಾಗನ್ ಗಾಲ್ಫ್ ದರ್ಜೆ ಸಾಕು: ಡಿಕ್ಕಿ ಸುಮಾರು 380 ಲೀಟರ್, 24 ಇಂಚಿನ ಎರಡು ಸೂಟ್‌ಕೇಸ್ ಮುಚ್ಚಳದ ಕೆಳಗೆ ಹಿಡಿಯುತ್ತವೆ. ದೊಡ್ಡ ಎಸ್‌ಯುವಿ ತೆಗೆದುಕೊಂಡರೆ ಹಳೇ ಊರುಗಳ ನೆಲಮಾಳಿಗೆ ಪಾರ್ಕಿಂಗ್‌ನಲ್ಲಿ ತಿರುಗಿಸಲು ಒದ್ದಾಡಬೇಕಾಗುತ್ತದೆ. ಇಟಲಿ, ಸ್ಲೊವೇನಿಯಾಕ್ಕೆ ಹೋಗುತ್ತೇವೆ ಎಂದು ಬುಕಿಂಗ್‌ನಲ್ಲೇ ತಿಳಿಸಬೇಕು. ಕೆಲವು ಸಂಸ್ಥೆಗಳು ಪೂರ್ವದ ದೇಶಗಳಿಗೆ ದುಬಾರಿ ಬ್ರ್ಯಾಂಡ್‌ನ ಕಾರು ಒಯ್ಯಲು ಬಿಡುವುದಿಲ್ಲ, ಕೆಲವು ಗಡಿ ದಾಟುವ ಶುಲ್ಕ ಹಾಕುತ್ತವೆ. ಹೇಳದೆ ಹೋದರೆ ಆ ದೇಶದಲ್ಲಿ ವಿಮೆಯೇ ಇಲ್ಲದಂತೆ.

ದಿನದ ಲೆಕ್ಕ 24 ಗಂಟೆಯದು. ಮೂರನೆಯ ದಿನ ಬೆಳಗ್ಗೆ ಹತ್ತಕ್ಕೆ ಪಡೆದರೆ ಹದಿಮೂರನೆಯ ದಿನ ಬೆಳಗ್ಗೆ ಹತ್ತಕ್ಕೆ ಒಪ್ಪಿಸಬೇಕು. ಬ್ಲೆಡ್‌ನಿಂದ ಮ್ಯೂನಿಕ್‌ಗೆ ನಾಲ್ಕೈದು ಗಂಟೆ ದಾರಿ, ಆಗುವುದಿಲ್ಲ, ಒಂದು ದಿನದ ಬಾಡಿಗೆ ಹೆಚ್ಚು ಬೀಳುತ್ತದೆ. ಮಧ್ಯಾಹ್ನ ಮೂರಕ್ಕೆ ಪಡೆದರೆ ಅದೇ ಹತ್ತು ದಿನಕ್ಕೆ ಮುಗಿಯುತ್ತದೆ. ಸಾಲ್ಜ್‌ಬರ್ಗ್ 145 ಕಿಲೋಮೀಟರ್, ಸೆಪ್ಟೆಂಬರ್‌ನಲ್ಲಿ ಕತ್ತಲಾಗುವ ಮೊದಲೇ ಸೇರಬಹುದು. ವಿಮಾನದಿಂದ ಇಳಿದ ದಿನವೇ ಕಾರು ಹಿಡಿಯುವುದನ್ನು ನಾವು ಯಾರಿಗೂ ಹೇಳುವುದಿಲ್ಲ. ಒಂಬತ್ತು ಹತ್ತು ಗಂಟೆಯ ರಾತ್ರಿ ವಿಮಾನ, ಮೂರೂವರೆ ಗಂಟೆಯ ಕಾಲವ್ಯತ್ಯಾಸ, ಅದರ ಮೇಲೆ ರಸ್ತೆಯ ಬಲಬದಿ. ಎಸ್1 ಅಥವಾ ಎಸ್8 ಲೋಕಲ್ ರೈಲು ಮುಕ್ಕಾಲು ಗಂಟೆಯೊಳಗೆ ಊರಿಗೆ ತಲುಪಿಸುತ್ತದೆ. ಎರಡು ದಿನ ನಡೆದಾಡಿ, ಸಿಗ್ನಲ್‌ಗಳಲ್ಲಿ ನಿಂತು ವಾಹನ ಹೇಗೆ ತಿರುಗುತ್ತವೆ ನೋಡಿ.

ಕೌಂಟರಿನಲ್ಲಿ ಕ್ರೆಡಿಟ್ ಕಾರ್ಡ್ ಬೇಕು, ಮುಖ್ಯ ಡ್ರೈವರ್ ಹೆಸರಿನದೇ ಆಗಬೇಕು. ಫಾರೆಕ್ಸ್ ಕಾರ್ಡ್ ಮತ್ತು ಡೆಬಿಟ್ ಕಾರ್ಡ್ ಡೆಪಾಸಿಟ್‌ಗೆ ಸಾಮಾನ್ಯವಾಗಿ ನಡೆಯುವುದಿಲ್ಲ. ನಮ್ಮ ಕಾರ್ಡ್‌ಗಳಲ್ಲಿ ವಿದೇಶಿ ಬಳಕೆಯನ್ನು ಬ್ಯಾಂಕ್ ಆ್ಯಪ್‌ನಲ್ಲಿ ನಾವೇ ತೆರೆಯಬೇಕು, ಮಿತಿಯನ್ನೂ ಏರಿಸಿಡಬೇಕು. ಮೂಲ ವಿಮೆಯಲ್ಲಿ ನಿಮ್ಮ ಪಾಲಿನ ಹೊಣೆ ಸಾಮಾನ್ಯವಾಗಿ ಸಾವಿರ ಯೂರೋ ಆಸುಪಾಸು. ಅದನ್ನು ಸೊನ್ನೆಗೆ ಇಳಿಸುವ ಹೆಚ್ಚುವರಿ ವಿಮೆ ಕೌಂಟರಿನಲ್ಲಿ ದುಬಾರಿ, ಬುಕಿಂಗ್ ಹೊತ್ತಿನಲ್ಲಿ ಅಥವಾ ಬೇರೆ ವಿಮಾದಾರರಲ್ಲಿ ಅಗ್ಗ. ಬೇರೆಯವರಲ್ಲಿ ಕೊಂಡರೆ ಹಾನಿಯ ಹಣ ಮೊದಲು ನೀವು ಕಟ್ಟಿ ಆಮೇಲೆ ಪಡೆಯಬೇಕು, ಆ ವ್ಯತ್ಯಾಸ ತಿಳಿದಿರಲಿ. ಟೈರು, ಗಾಜು, ಕಾರಿನ ತಳ, ತಪ್ಪು ಇಂಧನ ಇವು ಮೂಲ ವಿಮೆಯಲ್ಲಿ ಬಹುತೇಕ ಸೇರಿರುವುದಿಲ್ಲ. ಬೆಟ್ಟದ ರಸ್ತೆಯಲ್ಲಿ ಪೆಟ್ಟಾಗುವುದು ಮೊದಲ ಮೂರಕ್ಕೇ.

ಕಾರು ಮುಟ್ಟುವ ಮೊದಲು ಪಕ್ಕದಲ್ಲಿ ಕೂರುವವರು ವಿಡಿಯೋ ಮಾಡಬೇಕು: ನಾಲ್ಕು ಬದಿ, ನಾಲ್ಕು ಚಕ್ರದ ರಿಮ್ ಹತ್ತಿರದಿಂದ, ಮುಂಗಾಜು, ಬಂಪರ್‌ನ ಕೆಳಭಾಗ, ಓಡೋಮೀಟರ್, ಇಂಧನದ ಮುಳ್ಳು. ಗೀರು ಕಂಡರೆ ಒಪ್ಪಂದದ ಹಾಳೆಯಲ್ಲಿ ಬರೆಸದೆ ಹೊರಡಬೇಡಿ. ಡಿಕ್ಕಿಯಲ್ಲಿ ಎಚ್ಚರಿಕೆಯ ತ್ರಿಕೋನ, ಹಳದಿ ಜಾಕೆಟ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇರಬೇಕು. ಜಾಕೆಟ್ ಒಂದೇ ಇದ್ದರೆ ಇನ್ನೊಂದು ಕೇಳಿ, ಕೆಟ್ಟು ನಿಂತಾಗ ಇಳಿಯುವವರು ಇಬ್ಬರು. ಇಂಧನದ ಮುಚ್ಚಳದ ಒಳಗೆ ಅಂಟಿಸಿದ ಚೀಟಿಯ ಫೋಟೋ ತೆಗೆದುಕೊಳ್ಳಿ. ಪೆಟ್ರೋಲ್‌ಗೆ ಇ5 ಅಥವಾ ಇ10, ವೃತ್ತದೊಳಗೆ. ಡೀಸೆಲ್‌ಗೆ ಬಿ7, ಚೌಕದೊಳಗೆ. ಈ ಗುರುತು ಎಲ್ಲ ದೇಶದ ಬಂಕ್‌ನಲ್ಲೂ ಒಂದೇ. ಇಟಲಿಯಲ್ಲಿ ಡೀಸೆಲ್‌ಗೆ ‘ಗಸೋಲಿಯೊ’ ಎನ್ನುತ್ತಾರೆ, ಗ್ಯಾಸೊಲಿನ್ ಎಂದು ಓದಿಕೊಂಡು ಪೆಟ್ರೋಲ್ ಕಾರಿಗೆ ತುಂಬಿದರೆ ಇಂಜಿನ್ ಕತೆ ಮುಗಿಯಿತು. ಅಲ್ಲಿನ ಬಂಕ್‌ಗಳಲ್ಲಿ ‘ಸೆಲ್ಫ್’ ಮತ್ತು ‘ಸೆರ್ವಿತೊ’ ಅಂತ ಎರಡು ಬೆಲೆ. ಎರಡನೆಯದು ಹಾಕಿಕೊಡುವವರ ಕೂಲಿ ಸೇರಿದ್ದು.

ಬಲಬದಿಯ ಓಡಾಟದಲ್ಲಿ ತಪ್ಪಾಗುವುದು ಜನ ಹೆದರುವ ಕಡೆ ಅಲ್ಲ. ವಾಹನ ತುಂಬಿದ ರಸ್ತೆಯಲ್ಲಿ ಮುಂದಿನವರ ಹಿಂದೆ ಹೋದರೆ ಸಾಕು. ತಪ್ಪುವುದು ಖಾಲಿ ರಸ್ತೆಯಲ್ಲಿ: ಬೆಳಗ್ಗೆ ಹೋಟೆಲ್ ಗೇಟಿನಿಂದ ಹೊರಬರುವಾಗ, ಬಂಕ್‌ನಿಂದ ಎಡಕ್ಕೆ ತಿರುಗುವಾಗ. ಕೈ ಅಭ್ಯಾಸಬಲದಿಂದ ಎಡಬದಿಗೆ ಎಳೆಯುತ್ತದೆ. ಆ ಎರಡು ಜಾಗದಲ್ಲಿ ಪಕ್ಕದವರು ಬಾಯಿಬಿಟ್ಟು ‘ಬಲ’ ಅನ್ನಬೇಕು, ಗೊತ್ತಿದ್ದರೂ ಅನ್ನಬೇಕು. ಎರಡನೆಯ ತಪ್ಪು, ಕಾರು ಬಲಕ್ಕೆ ಜರುಗುವುದು. ಎಡಸೀಟಿನಲ್ಲಿ ಕೂತವರಿಗೆ ಬಲಮೈಯ ಅಂದಾಜು ಸಿಗುವುದಿಲ್ಲ. ನಮ್ಮಲ್ಲಿ ಡ್ರೈವರ್ ತನ್ನ ಲೇನಿನ ಎಡ ಅಂಚಿನಿಂದ ಎಷ್ಟು ದೂರ ಕೂತಿರುತ್ತಾನೋ ಅಷ್ಟೇ ದೂರ ಇಲ್ಲೂ ಕೂರಲು ನೋಡುತ್ತಾನೆ. ಬಲಗಡೆ ರಿಮ್ ಕರ್ಬ್‌ಗೆ ಉಜ್ಜುವುದು, ಕನ್ನಡಿ ತಾಗುವುದು ಇದರಿಂದಲೇ. ನಿಮ್ಮ ಎಡಮೊಣಕೈ ನಡುಗೆರೆಗೆ ಹತ್ತಿರ ಅನ್ನಿಸುವಂತೆ ಓಡಿಸಿದರೆ ಕಾರು ಸರಿಯಾಗಿ ಮಧ್ಯಕ್ಕೆ ಬರುತ್ತದೆ. ಇಂಡಿಕೇಟರ್ ಎಡಗೈಯಲ್ಲಿ, ವೈಪರ್ ಬಲಗೈಯಲ್ಲಿ. ಮೊದಲ ದಿನ ಪ್ರತಿ ತಿರುವಿನಲ್ಲೂ ವೈಪರ್ ಆಡುತ್ತದೆ, ಎರಡನೆಯ ದಿನಕ್ಕೆ ಕೈ ಕಲಿಯುತ್ತದೆ.

ನಿಯಮಗಳಲ್ಲಿ ನಮಗೆ ಹೊಸದು ಎನಿಸುವವು ಕೆಲವೇ. ಗುರುತಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು, ಅದು ಸಣ್ಣ ಓಣಿಯಾದರೂ ಸರಿ. ಹಳದಿ ವಜ್ರಾಕಾರದ ಫಲಕ ಕಂಡರೆ ನಿಮ್ಮದು ಮುಖ್ಯರಸ್ತೆ, ಹಕ್ಕು ನಿಮ್ಮದು. ಊರಿನ ಹೆಸರಿನ ಫಲಕವೇ 50ರ ಮಿತಿ, ಹೆಸರಿಗೆ ಗೀಟು ಹಾಕಿದ ಫಲಕ ಬಂದರೆ ಊರು ಮುಗಿಯಿತು. ಊರಾಚೆ ಜರ್ಮನಿ, ಆಸ್ಟ್ರಿಯಾದಲ್ಲಿ 100, ಇಟಲಿ, ಸ್ಲೊವೇನಿಯಾದಲ್ಲಿ 90. ಹೆದ್ದಾರಿಯಲ್ಲಿ 130, ಇಟಲಿಯಲ್ಲಿ ಮಳೆ ಬಂದರೆ 110. ಜರ್ಮನಿಯಲ್ಲಿ ಕೆಲವೆಡೆ ಮಿತಿಯೇ ಇಲ್ಲ, ಹಾಗಾಗಿ ಎಡ ಲೇನ್‌ಗೆ ಬರುವ ಮೊದಲು ಕನ್ನಡಿಯಲ್ಲಿ ಚುಕ್ಕಿಯಂತೆ ಕಂಡ ಕಾರನ್ನೂ ನಂಬಬೇಡಿ, ಐದು ಸೆಕೆಂಡಿನಲ್ಲಿ ಅದು ಹಿಂದಿರುತ್ತದೆ. ಬಲಗಡೆಯಿಂದ ಓವರ್‌ಟೇಕ್ ಇಲ್ಲವೇ ಇಲ್ಲ. ವಾಹನ ನಿಧಾನವಾಗಿ ಸಾಲು ನಿಲ್ಲುತ್ತಿದ್ದಂತೆ ಎಡತುದಿಯ ಲೇನಿನವರು ಎಡಕ್ಕೆ, ಉಳಿದವರೆಲ್ಲ ಬಲಕ್ಕೆ ಸರಿದು ನಡುವೆ ಆಂಬುಲೆನ್ಸ್‌ಗೆ ದಾರಿ ಬಿಡಬೇಕು. ಸೈರನ್ ಕೇಳಿಸಿದ ಮೇಲಲ್ಲ, ನಿಲ್ಲುವ ಮೊದಲೇ. ಈ ಶಿಸ್ತು ನಮ್ಮ ರಸ್ತೆಗಳಿಗೆ ಎಂದು ಬರುತ್ತದೋ ಎಂದು ಪ್ರತಿ ಸಲವೂ ಅನ್ನಿಸುತ್ತದೆ.

ಹೆದ್ದಾರಿ ಶುಲ್ಕ ಪ್ರತಿ ದೇಶಕ್ಕೂ ಬೇರೆ. ಜರ್ಮನಿಯಲ್ಲಿ ಕಾರಿಗೆ ಇಲ್ಲ. ಆಸ್ಟ್ರಿಯಾದಲ್ಲಿ ವಿಗ್ನೆಟ್, ಅಂದರೆ ಇಷ್ಟು ದಿನ ಹೆದ್ದಾರಿ ಬಳಸಲು ಮೊದಲೇ ಕೊಳ್ಳುವ ಪಾಸ್: ಹತ್ತು ದಿನದ್ದು 2025ರಲ್ಲಿ 12.40 ಯೂರೋ. ಇಲ್ಲೊಂದು ಲೆಕ್ಕ ತಪ್ಪುತ್ತದೆ. ಹತ್ತು ದಿನವೆಂದರೆ ಒಂದರ ಹಿಂದೊಂದು ಕ್ಯಾಲೆಂಡರ್ ದಿನ. ಮೂರನೆಯ ದಿನ ಶುರುಮಾಡಿದರೆ ಹನ್ನೆರಡಕ್ಕೆ ಮುಗಿಯುತ್ತದೆ, ಬ್ಲೆಡ್‌ನಿಂದ ವಾಪಸು ಆಸ್ಟ್ರಿಯಾ ದಾಟುವುದು ಹದಿಮೂರನೆಯ ದಿನ. ಪರಿಹಾರ ರಸ್ತೆಯಲ್ಲೇ ಇದೆ: ಜರ್ಮನ್ ಗಡಿಯ ವಾಲ್ಸರ್‌ಬರ್ಗ್‌ನಿಂದ ಸಾಲ್ಜ್‌ಬರ್ಗ್ ನಾರ್ಡ್ ನಿರ್ಗಮನದವರೆಗೆ ಎ1 ಹೆದ್ದಾರಿಗೆ 2019ರ ಡಿಸೆಂಬರ್‌ನಿಂದ ವಿಗ್ನೆಟ್ ಬೇಡ. ಸಾಲ್ಜ್‌ಬರ್ಗ್‌ಗೆ ಹಾಗೇ ಹೋಗಿ, ಎರಡು ರಾತ್ರಿ ಉಳಿದು, ಐದನೆಯ ದಿನದಿಂದ ವಿಗ್ನೆಟ್ ಶುರುಮಾಡಿದರೆ ಹದಿನಾಲ್ಕರವರೆಗೆ ಬರುತ್ತದೆ. ವಿಗ್ನೆಟ್ ಇದ್ದರೂ ಟೌಅರ್ನ್ ಸುರಂಗದ ಎ10 ಭಾಗಕ್ಕೆ ಸುಮಾರು 14 ಯೂರೋ, ಕಾರವಾಂಕೆನ್ ಸುರಂಗಕ್ಕೆ ಎಂಟೊಂಬತ್ತು ಯೂರೋ ಪ್ರತ್ಯೇಕ. ಸ್ಲೊವೇನಿಯಾದಲ್ಲಿ 2022ರ ಫೆಬ್ರವರಿಯಿಂದ ಇ-ವಿಗ್ನೆಟ್ ಮಾತ್ರ, 2025ರಲ್ಲಿ ವಾರಕ್ಕೆ 16 ಯೂರೋ. ಇವು ನಂಬರ್ ಪ್ಲೇಟ್‌ಗೆ ಕಟ್ಟಿದವು; ಅಕ್ಷರ ಟೈಪ್ ಮಾಡುವುದು ಒಬ್ಬರು, ಪ್ಲೇಟ್ ಮುಂದೆ ನಿಂತು ಓದಿ ಹೇಳುವುದು ಇನ್ನೊಬ್ಬರು ಮಾಡಿ. ದೇಶದ ಕಾಲಂನಲ್ಲಿ ಜರ್ಮನಿ ಎಂದು ಹಾಕಲು ಮರೆತರೆ ವಿಗ್ನೆಟ್ ಇದ್ದೂ ಇಲ್ಲದಂತೆ. ಸ್ಲೊವೇನಿಯಾದಲ್ಲಿ ದಂಡ 300 ಯೂರೋದಿಂದ ಶುರು. ಇಟಲಿಯಲ್ಲಿ ಟೋಲ್ ಗೇಟು: ಒಳಗೆ ಹೋಗುವಾಗ ಚೀಟಿ, ಹೊರಬರುವಾಗ ಹಣ. ಹಳದಿ ಟೆಲಿಪಾಸ್ (ಎಲೆಕ್ಟ್ರಾನಿಕ್ ಟೋಲ್) ಸಾಲಿಗೆ ಹೋಗಬೇಡಿ, ಹಿಂದೆ ಬರಲಾಗುವುದಿಲ್ಲ. ಕಾರ್ಡ್‌ಗೆ ನೀಲಿ, ನಗದಿಗೆ ಬಿಳಿ. ಚೀಟಿ ಕಳೆದರೆ ಅತಿ ದೂರದ ಗೇಟಿನಿಂದ ಬಂದಂತೆ ಲೆಕ್ಕ ಹಾಕುತ್ತಾರೆ, ಅದು ಇರಬೇಕಾದ್ದು ಪಕ್ಕದಲ್ಲಿ ಕೂತವರ ಕೈಯಲ್ಲಿ.

ಗ್ರೋಸ್‌ಗ್ಲಾಕ್ನರ್ ರಸ್ತೆ 1935ರಲ್ಲಿ ತೆರೆದದ್ದು. ಉದ್ದ 48 ಕಿಲೋಮೀಟರ್, ಹೇರ್‌ಪಿನ್ ತಿರುವು 36, ಹಾದಿಯ ನೆತ್ತಿ ಹೋಖ್‌ಟೋರ್ 2,504 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಶಿಖರಕ್ಕಿಂತ ಐನೂರು ಮೀಟರ್‌ಗೂ ಮೇಲೆ ಕಾರೇ ಹೋಗುತ್ತದೆ. ಮೇ ತಿಂಗಳಿನಿಂದ ನವೆಂಬರ್ ಮೊದಲ ವಾರದವರೆಗೆ ತೆರೆದಿರುತ್ತದೆ, ಕಾರಿಗೆ ದಿನದ ಟಿಕೆಟ್ 45 ಯೂರೋ ಆಸುಪಾಸು. ನ್ಯಾವಿಗೇಷನ್‌ಗೆ ಬರೀ ಹೈಲಿಗೆನ್‌ಬ್ಲುಟ್ ಅಂತ ಹಾಕಿದರೆ ಅದು ಫೆಲ್ಬರ್‌ಟೌಅರ್ನ್ ಸುರಂಗದ ಕಡೆಗೆ ತಿರುಗಿಸಬಹುದು. ನಡುವೆ ಫರ್ಲೈಟನ್ ಟೋಲ್ ಗೇಟನ್ನು ನಿಲ್ದಾಣವಾಗಿ ಸೇರಿಸಬೇಕು. ಮೋಡ ಕವಿದ ದಿನ ಮಾತ್ರ ಆ ಸುರಂಗವೇ ಒಳ್ಳೆಯದು, ಮೇಲೆ ಹೋಗಿ ಬಿಳಿ ಗೋಡೆ ನೋಡಲು 45 ಯೂರೋ ಕೊಡಬೇಕಿಲ್ಲ. ಟೋಲ್ ಸಂಸ್ಥೆಯ ವೆಬ್‌ಕ್ಯಾಮ್‌ಗಳು ಬೆಳಗ್ಗೆ ಆರಕ್ಕೇ ನಿಜ ಹೇಳುತ್ತವೆ. ಎಂಟರೊಳಗೆ ಗೇಟು ದಾಟಿದರೆ ಮೊದಲು ಎಡೆಲ್‌ವೈಸ್‌ಷ್ಪಿಟ್ಸೆಯ 2,571 ಮೀಟರ್ ತುದಿ, ಆಮೇಲೆ ಪಾಸ್ಟರ್ಜೆ ಹಿಮನದಿಯ ಎದುರಿನ ಫ್ರಾನ್ಸ್ ಯೋಸೆಫ್ ಹೋಹೆ, ಎರಡನ್ನೂ ಆರಾಮಾಗಿ ನೋಡಬಹುದು. ಹಿಮನದಿ ಎಷ್ಟು ಕುಗ್ಗಿದೆ ಎನ್ನುವುದು ಅಲ್ಲಿ ನಿಂತರೆ ಯಾರೂ ಹೇಳದೆಯೇ ಕಾಣುತ್ತದೆ. ಮಂಜು ತುಂಬಿದ್ದ ಕಣಿವೆಯ ಗೋಡೆಗಳು ಬೋಳಾಗಿ ನಿಂತಿವೆ.

ಇಳಿಯುವಾಗಲೇ ಎಚ್ಚರ ಬೇಕು. ಆಟೋಮ್ಯಾಟಿಕ್ ಕಾರನ್ನು ‘ಡಿ’ಯಲ್ಲೇ ಬಿಟ್ಟು ಬ್ರೇಕ್ ಒತ್ತುತ್ತ ಇಳಿದರೆ ಬ್ರೇಕ್ ಕಾಯುತ್ತದೆ, ಸುಟ್ಟ ವಾಸನೆ ಬರುತ್ತದೆ, ಪೆಡಲ್ ಮೆತ್ತಗಾಗುತ್ತದೆ. ಪ್ಯಾಡ್ ತೀರಾ ಬಿಸಿಯಾದರೆ ಹಿಡಿತ ಕಳೆದುಕೊಳ್ಳುತ್ತದೆ, ಬ್ರೇಕ್ ದ್ರವ ಕುದಿದರೆ ಪೆಡಲ್ ಒತ್ತಿದ ಬಲ ಚಕ್ರಕ್ಕೆ ತಲುಪುವುದಿಲ್ಲ. ‘ಎಂ’ ಅಥವಾ ಮೈನಸ್ ಗುಂಡಿಯಿಂದ ಎರಡನೆಯ ಗೇರ್‌ಗೆ ಇಳಿಸಿ, ಇಂಜಿನ್ನೇ ತಡೆಯಲಿ. ಬ್ರೇಕ್ ತಿರುವಿಗೆ ಮೊದಲು, ಗಟ್ಟಿಯಾಗಿ, ಚಿಕ್ಕದಾಗಿ, ಉಜ್ಜುತ್ತ ಇರಬಾರದು. ವಾಸನೆ ಬಂದರೆ ಬದಿಗೆ ನಿಲ್ಲಿಸಿ ಅರ್ಧಗಂಟೆ ಆರಲು ಬಿಡಿ, ನೀರು ಹಾಕಬೇಡಿ, ಕಾದ ಡಿಸ್ಕ್ ಸೊಟ್ಟಗಾಗುತ್ತದೆ. ಚಾರ್ಮಾಡಿ, ಆಗುಂಬೆ ಇಳಿದವರಿಗೆ ಇದು ಗೊತ್ತಿದ್ದದ್ದೇ, ಆದರೆ ಇಲ್ಲಿ ಇಳಿಜಾರು ನೂರು ಮೀಟರ್ ಹೋದಂತೆ ಹನ್ನೆರಡು ಮೀಟರ್ ಇಳಿಯುವ ಕಡಿದಾದದ್ದು, ಅದೂ ಬಹಳ ಹೊತ್ತು.

ಡೊಲೊಮೈಟ್‌ನಲ್ಲಿ ಐದು ರಾತ್ರಿ ಒಂದೇ ಮನೆಯಲ್ಲಿ ಉಳಿಯುವುದು ಒಳ್ಳೆಯದು, ದಿನಕ್ಕೊಂದು ಊರಲ್ಲ. ಸೆಲ್ಲಾ ಬೆಟ್ಟದ ಸುತ್ತ ನಾಲ್ಕು ಕಣಿವೆದಾರಿಗಳ ವೃತ್ತವಿದೆ: ಪೊರ್ದೊಯ್ 2,239 ಮೀಟರ್, ಸೆಲ್ಲಾ, ಗಾರ್ದೆನಾ 2,121, ಕಾಂಪೊಲೊಂಗೊ 1,875. ಸುತ್ತಳತೆ ಐವತ್ತು ಕಿಲೋಮೀಟರ್ ಚಿಲ್ಲರೆ, ಆದರೆ ಪೊರ್ದೊಯ್‌ಗೆ ಅರಬ್ಬಾ ಕಡೆಯಿಂದಲೇ 33 ತಿರುವು. ನಿಲ್ಲುತ್ತ ಸಾಗಿದರೆ ಪೂರ್ತಿ ದಿನ ಬೇಕು. ಸೈಕಲ್‌ನವರು ತುಂಬ. ಅವರನ್ನು ದಾಟಲು ಒಂದೂವರೆ ಮೀಟರ್ ಅಂತರ ಸಿಗುವವರೆಗೆ ಹಿಂದೆಯೇ ಹೋಗಿ, ಹಾರ್ನ್ ಬೇಡ. ಜೂನ್‌ನಲ್ಲೂ ಸೆಪ್ಟೆಂಬರ್‌ನಲ್ಲೂ ಒಂದೊಂದು ದಿನ ಈ ವೃತ್ತವನ್ನು ಸೈಕಲ್‌ಗಳಿಗಷ್ಟೇ ಬಿಟ್ಟು ಕಾರು ನಿಲ್ಲಿಸುತ್ತಾರೆ, ದಿನಾಂಕ ಮೊದಲೇ ನೋಡಿಕೊಳ್ಳಿ.

ಇಟಲಿಯ ದೊಡ್ಡ ಅಪಾಯ ಬೆಟ್ಟದಲ್ಲಿಲ್ಲ, ಊರಿನೊಳಗಿದೆ. ಹಳೇ ಪೇಟೆಗಳಿಗೆ ಹೊರಗಿನ ವಾಹನ ಬರಬಾರದೆಂದು ಹಾಕಿದ ‘ಝಡ್‌ಟಿಎಲ್’ ವಲಯ. ಬಿಳಿ ಫಲಕದಲ್ಲಿ ಕೆಂಪು ವೃತ್ತ, ಪಕ್ಕದಲ್ಲಿ ಕ್ಯಾಮೆರಾ, ಗೇಟು ಇಲ್ಲ, ಪೊಲೀಸ್ ಇಲ್ಲ. ‘ವಾರ್ಕೊ ಅತ್ತಿವೊ’ ಎಂದು ಬೆಳಗಿದರೆ ವಲಯ ಜಾರಿಯಲ್ಲಿದೆ, ಹೋಗಬಾರದು. ‘ನೊನ್ ಅತ್ತಿವೊ’ ಎಂದರೆ ಹೋಗಬಹುದು. ‘ಆಕ್ಟಿವ್’ ಅಂದರೆ ದಾರಿ ತೆರೆದಿದೆ ಎಂದು ಅರ್ಥಮಾಡಿಕೊಂಡು ನುಗ್ಗುವವರೇ ಹೆಚ್ಚು. ಹೋಗಿ ಬಂದು ಎರಡು ಸಲ ದಾಟಿದರೆ ಎರಡು ದಂಡ. ಹೋಟೆಲ್ ವಲಯದೊಳಗಿದ್ದರೆ ನಂಬರ್ ಪ್ಲೇಟ್ ಅವರಿಗೆ ಕೊಟ್ಟು ನೋಂದಾಯಿಸಿ. ಪಾರ್ಕಿಂಗ್ ಗೆರೆ ಬಿಳಿಯಾದರೆ ಉಚಿತ, ನೀಲಿಯಾದರೆ ಹಣ, ಹಳದಿ ನಿಮ್ಮದಲ್ಲ. ಸಮಯದ ಮಿತಿ ಇರುವಲ್ಲಿ ಡ್ಯಾಶ್‌ಬೋರ್ಡ್ ಮೇಲೆ ನೀಲಿ ಗಡಿಯಾರದ ಬಿಲ್ಲೆ ಇಡಬೇಕು: ಇಟಲಿಯಲ್ಲಿ ಬಂದ ಸಮಯ, ಜರ್ಮನಿಯಲ್ಲಿ ಬಂದ ಸಮಯದ ಮುಂದಿನ ಅರ್ಧಗಂಟೆ.

ಊಟದ ಮಾತು ಚುಟುಕಾಗಿ. ತುಪ್ಪ, ಪನೀರ್, ಹಾಲಿನ ಪುಡಿ, ಹಸಿ ಕರಿಬೇವು ಒಯ್ಯಬೇಡಿ. ಹೊರದೇಶದ ಹಾಲಿನ ಪದಾರ್ಥ, ಮಾಂಸ, ಹಸಿ ಸೊಪ್ಪಿಗೆ ಯುರೋಪ್ ಒಕ್ಕೂಟದಲ್ಲಿ ನಿರ್ಬಂಧವಿದೆ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ ಸಾಕು. ಅಡುಗೆಮನೆ ಇರುವ ವಸತಿ ಹಿಡಿದರೆ ಅಕ್ಕಿ, ಮೊಸರು, ತರಕಾರಿ ಎಲ್ಲೆಡೆ ಸಿಗುತ್ತವೆ. ಭಾನುವಾರ ಜರ್ಮನಿ, ಆಸ್ಟ್ರಿಯಾದಲ್ಲಿ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ತಂದಿಡಿ.

ಡೊಲೊಮೈಟ್‌ನ ಕೊರ್ತಿನಾ ಊರಿನ ಕಡೆಯಿಂದ ಬ್ಲೆಡ್‌ಗೆ ಸುಮಾರು 200 ಕಿಲೋಮೀಟರ್, ತರ್ವಿಸಿಯೊ ಮೂಲಕ. ಷೆಂಗೆನ್ ಒಳಗೆ ಗಡಿ ಇಲ್ಲ ಎನ್ನುವುದು ಈಗ ಪೂರ್ತಿ ನಿಜವಲ್ಲ. ಇಟಲಿ 2023ರ ಅಕ್ಟೋಬರ್‌ನಿಂದ ಸ್ಲೊವೇನಿಯಾ ಗಡಿಯಲ್ಲಿ, ಜರ್ಮನಿ 2024ರ ಸೆಪ್ಟೆಂಬರ್ 16ರಿಂದ ತನ್ನ ಎಲ್ಲ ನೆಲಗಡಿಗಳಲ್ಲಿ ತಪಾಸಣೆ ಹಾಕಿದೆ. ಪಾಸ್‌ಪೋರ್ಟ್ ಸೂಟ್‌ಕೇಸ್‌ನಲ್ಲಲ್ಲ, ಕೈಚೀಲದಲ್ಲಿರಲಿ. ಬ್ಲೆಡ್‌ನಿಂದ ಒಂದು ದಿನ ವ್ರ್‌ಷಿಚ್ ಕಣಿವೆದಾರಿಗೆ ಇಡಬೇಕು: 1,611 ಮೀಟರ್, ಎಣಿಸಿ ಅಂಕಿ ಬರೆದ 50 ತಿರುವು, ಉತ್ತರದ ಕಡೆಯ ತಿರುವುಗಳಿಗೆ ಕಲ್ಲು ಹಾಸು. ಮೊದಲ ಮಹಾಯುದ್ಧದಲ್ಲಿ ರಷ್ಯನ್ ಯುದ್ಧಕೈದಿಗಳಿಂದ ಕಟ್ಟಿಸಿದ ರಸ್ತೆ ಅದು. 1916ರ ಮಾರ್ಚ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕು ಸತ್ತವರ ನೆನಪಿಗೆ ಅವರ ಜೊತೆಗಾರರು ಕಟ್ಟಿದ ಮರದ ಪ್ರಾರ್ಥನಾಮಂದಿರ ದಾರಿಯಲ್ಲೇ ಇದೆ. ನಿಲ್ಲಿಸದೆ ಹೋಗಬೇಡಿ. ಒದ್ದೆಯಾದ ಆ ಕಲ್ಲುಹಾಸು ಜಾರುತ್ತದೆ, ಮಳೆಯಲ್ಲಿ ತಿರುವಿನೊಳಗೆ ಬ್ರೇಕ್ ಒತ್ತಬೇಡಿ.

ಹದಿಮೂರನೆಯ ದಿನ ಬೆಳಗ್ಗೆ ಎಂಟಕ್ಕೆ ಬ್ಲೆಡ್ ಬಿಟ್ಟರೆ ಕಾರವಾಂಕೆನ್, ಫಿಲಾಖ್, ಟೌಅರ್ನ್, ಸಾಲ್ಜ್‌ಬರ್ಗ್ ದಾರಿಯಲ್ಲಿ ಸುಮಾರು 340 ಕಿಲೋಮೀಟರ್. ವಾಲ್ಸರ್‌ಬರ್ಗ್‌ನ ಜರ್ಮನ್ ತಪಾಸಣೆಗೆ ಒಂದು ಗಂಟೆ ಹೆಚ್ಚಿಗೆ ಇಡಿ. ಶನಿವಾರವಾದರೆ ಇನ್ನೂ ಒಂದು. ಒಪ್ಪಿಸುವ ಜಾಗಕ್ಕೆ ಹತ್ತು ಕಿಲೋಮೀಟರ್ ಒಳಗೆ ಟ್ಯಾಂಕ್ ತುಂಬಿಸಿ ರಸೀದಿ ಇಟ್ಟುಕೊಳ್ಳಿ. ಮತ್ತೆ ಅದೇ ವಿಡಿಯೋ, ಅದೇ ಕ್ರಮದಲ್ಲಿ, ಪಾರ್ಕಿಂಗ್ ಜಾಗದ ನಂಬರ್ ಕಾಣುವಂತೆ. ಸಿಬ್ಬಂದಿ ನೋಡಿ ‘ಹಾನಿ ಇಲ್ಲ’ ಎಂದು ಬರೆದು ಕೊಡುವವರೆಗೆ ಕೀಲಿ ಕೈಬಿಡದಿರುವುದು ಒಳ್ಳೆಯದು.

ಬಾರ್ಸಿಲೋನಾದ ವಿಮಾನ ಅಗ್ಗದ ಸಂಸ್ಥೆಯದಾದರೆ ಟಿಕೆಟ್ ದರ ನೋಡಬೇಡಿ, ಬ್ಯಾಗ್ ಸೇರಿಸಿದ ಮೊತ್ತ ನೋಡಿ. ಉಚಿತವಾಗಿ ಸಿಗುವುದು ಸೀಟಿನಡಿ ಹಿಡಿಯುವ ಒಂದೇ ಚೀಲ, ಸುಮಾರು 40×30×20 ಸೆಂಟಿಮೀಟರ್. ದೊಡ್ಡ ಬ್ಯಾಗನ್ನು ಬುಕಿಂಗ್ ಹೊತ್ತಿನಲ್ಲೇ ಕೊಳ್ಳಬೇಕು. ಗೇಟಿನಲ್ಲಿ ಅದರ ಬೆಲೆ ಟಿಕೆಟ್ಟನ್ನೇ ಮೀರುತ್ತದೆ. ವಿಮಾನ ನಿಲ್ದಾಣದ ಹೆಸರನ್ನೂ ನೋಡಿ. ‘ಮ್ಯೂನಿಕ್ ವೆಸ್ಟ್’ ಎಂದು ಮಾರುವ ಮೆಮ್ಮಿಂಗೆನ್ ನಿಲ್ದಾಣ ಮ್ಯೂನಿಕ್‌ನಿಂದ ನೂರು ಕಿಲೋಮೀಟರ್ ಆಚೆ. ಆನ್‌ಲೈನ್ ಚೆಕ್-ಇನ್ ಮರೆತರೆ ಕೌಂಟರಿನಲ್ಲಿ ಶುಲ್ಕ. ಕೆಲವು ಸಂಸ್ಥೆಗಳು ಯುರೋಪೇತರ ಪಾಸ್‌ಪೋರ್ಟ್‌ನವರಿಗೆ ಸೆಕ್ಯುರಿಟಿಗೆ ಮೊದಲು ಕೌಂಟರಿನಲ್ಲಿ ವೀಸಾ ತೋರಿಸಿ ಮುದ್ರೆ ಹಾಕಿಸಿಕೊಳ್ಳಲು ಹೇಳುತ್ತವೆ. ಷೆಂಗೆನ್ ಒಳಗಿನ ಪ್ರಯಾಣವಾದರೂ ಇದನ್ನು ಬಿಟ್ಟು ಗೇಟಿಗೆ ಹೋದರೆ ಹತ್ತಿಸಿಕೊಳ್ಳದಿರಬಹುದು.

ಮನೆಗೆ ಬರುವ ದಿನ ಬಾರ್ಸಿಲೋನಾದಿಂದ ಬೆಂಗಳೂರಿನವರೆಗೆ ಒಂದೇ ಬುಕಿಂಗ್ ಇರಲಿ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನದರಲ್ಲಿ ಕಳಿಸುವ, ಊಟ ವಸತಿ ಕೊಡುವ ಹೊಣೆ ಆಗ ಸಂಸ್ಥೆಯದು. ಸಂಸ್ಥೆಯ ಕಾರಣಕ್ಕೆ ಮೂರು ಗಂಟೆ ದಾಟಿ ತಡವಾದರೆ 3,500 ಕಿಲೋಮೀಟರ್ ಮೀರಿದ ಪ್ರಯಾಣಕ್ಕೆ ತಲಾ 600 ಯೂರೋವರೆಗೆ ಪರಿಹಾರ ಕೇಳುವ ಹಕ್ಕು ಯುರೋಪ್ ಒಕ್ಕೂಟದ 261ನೆಯ ನಿಯಮದಲ್ಲಿದೆ. ಬೋರ್ಡಿಂಗ್ ಪಾಸ್ ಇಟ್ಟುಕೊಳ್ಳಿ, ತಡದ ಕಾರಣವನ್ನು ಬರಹದಲ್ಲಿ ಕೇಳಿ. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಮುದ್ರೆಯ ಬದಲು ಬೆರಳಚ್ಚು, ಮುಖಚಿತ್ರ ದಾಖಲಿಸುವ ಹೊಸ ವ್ಯವಸ್ಥೆ ಹಂತ ಹಂತವಾಗಿ ಬಂದಿದೆ. ಒಳಬರುವಾಗಲೂ ಹೊರಡುವಾಗಲೂ ಸಾಲು ಉದ್ದ, ಎರಡನೆಯ ವಿಮಾನಕ್ಕೆ ಎರಡು ಗಂಟೆಗಿಂತ ಕಡಿಮೆ ಅಂತರ ಇರುವ ಟಿಕೆಟ್ ಕೊಳ್ಳಬೇಡಿ.

ಬಂದ ಮೇಲೆ ಬಾಡಿಗೆ ಒಪ್ಪಂದ, ಎರಡೂ ವಿಡಿಯೋ, ವಿಗ್ನೆಟ್ ರಸೀದಿ, ಟೋಲ್ ಚೀಟಿ, ಪಾರ್ಕಿಂಗ್ ಚೀಟಿ ಎಲ್ಲವನ್ನೂ ಒಂದೇ ಫೋಲ್ಡರ್‌ಗೆ ಹಾಕಿ ಒಂದು ವರ್ಷ ಅಳಿಸದೆ ಇಡಿ. ಇಟಲಿಯ ದಂಡದ ನೋಟಿಸ್ ವಿದೇಶಿ ವಿಳಾಸಕ್ಕೆ 360 ದಿನಗಳವರೆಗೂ ಬರಬಹುದು. ಅದಕ್ಕೆ ಮೊದಲು, ನಿಮ್ಮ ವಿಳಾಸವನ್ನು ಪೊಲೀಸರಿಗೆ ಕೊಟ್ಟ ಕೆಲಸಕ್ಕೆಂದು ಬಾಡಿಗೆ ಸಂಸ್ಥೆ ಕಾರ್ಡ್‌ನಿಂದ ನಲವತ್ತೈವತ್ತು ಯೂರೋ ಕಡಿದಿರುತ್ತದೆ; ಅದು ದಂಡವಲ್ಲ, ದಂಡ ಬೇರೆ ಬರುತ್ತದೆ. ನೋಟಿಸ್ ತಲುಪಿದ ಐದು ದಿನದೊಳಗೆ ಕಟ್ಟಿದರೆ ಶೇ. 30 ಕಡಿಮೆ. ಹಾಗಾಗಿ ಕಾಗದ ಬಂದ ದಿನವೇ ದಿನಾಂಕ, ಊರು, ನಂಬರ್ ಪ್ಲೇಟ್ ಮೂರನ್ನೂ ಆ ಫೋಲ್ಡರ್ ಜೊತೆ ತಾಳೆ ನೋಡಿ.